ಬಚ್ಚಲ ಒಲೆಯ ಹಿಂದಿನ ಕೋಣೆ

ಸೀತೂರಿನ ಆಸುಪಾಸಿನಲ್ಲಿ ಹದಿನೇಳು ಬಾಣಂತಿಯರ ಕೋಣೆ ಬೆಚ್ಚಗಿಟ್ಟವಳು ನಾನು. ಹೆರಿಗೆ ಮಾಡಿಸುವುದು ನನಗೆ ಬಾರದು, ಅದು ಬಲ್ಲವರ ಕೆಲಸ. ಆದರೆ ಹೆತ್ತವಳು ಕೂಸಿನ ಜೊತೆ ಕೋಣೆ ಸೇರಿದ ಮೇಲೆ, ಸಂಜೆ ಅಲ್ಲಿ ಕೆಂಡ ಇಟ್ಟು ಬೆಳಗಿನವರೆಗೆ ಅದರ ಹದ ಕೆಡದ ಹಾಗೆ ನೋಡಿಕೊಳ್ಳಲು ಎಲ್ಲರೂ ಕರಿಬಸವಯ್ಯನ ಹೆಂಡತಿ ವೀರಮ್ಮನನ್ನೇ, ಅಂದರೆ ನನ್ನನ್ನೇ ಕರೆಯುತ್ತಿದ್ದರು. ರಾತ್ರಿಯಿಡೀ ಬೆಂಕಿ ಕಾಯುವುದೆಂದರೆ ಉರಿಸುವುದಲ್ಲ. ಉರಿಸುವುದು ಯಾರಿಗೂ ಬರುತ್ತದೆ, ನನ್ನ ಮಗನಿಗೂ ಬರುತ್ತದೆ. ಉರಿಸದೆ, ಆರಿಸದೆ, ಬೂದಿಯ ಕೆಳಗೆ ಕೆಂಡವನ್ನು ಮಲಗಿಸಿಡುವುದು ಕೆಲವರಿಗೆ ಮಾತ್ರ ಬರುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ ಅನ್ನಿ. ಅರವತ್ತೊಂಬತ್ತು ವರ್ಷಕ್ಕೆ ಅಷ್ಟಾದರೂ ಬೇಡವೇ?

ಹದಿನೆಂಟನೆಯ ಬಾಣಂತಿ ನನ್ನ ಸ್ವಂತ ಮೊಮ್ಮಗಳು ದೀಕ್ಷಾ. ನನ್ನ ಮಗ ವೀರೇಶನ ಒಬ್ಬಳೇ ಮಗಳು. ಬಾಳೆಹೊನ್ನೂರಿನಲ್ಲಿ ಅಂಗಡಿ ಇಟ್ಟಿರುವ ಸಿದ್ದಾರ್ಥನಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ, ವಾಡಿಕೆಯಂತೆ ತವರಿಗೆ ಬಂದಿದ್ದಳು. ಆದರೆ ಕೂಸಿಗೆ ಎಂತ ಅವಸರವೋ, ತಿಂಗಳು ತುಂಬುವ ಮೊದಲೇ ಹುಟ್ಟಿತು. ಒಂದು ಕೆಜಿ ಎಂಟುನೂರು ಗ್ರಾಂ. ಹೆಣ್ಣು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಪುಷ್ಯ ಮಾಸದ ಆ ಚಳಿಯಲ್ಲಿ ಮನೆಗೆ ಕಳಿಸಿದರು.

ಡಾಕ್ಟರು ಮೂರು ಮಾತು ಹೇಳಿದ್ದರು. ಎದೆಹಾಲು ಬಿಟ್ಟು ಬೇರೇನೂ ಬೇಡ. ಹೊಗೆ ಸೋಕಿಸಬೇಡಿ. ಕೂಸನ್ನು ಸದಾ ಬೆಚ್ಚಗಿಡಿ, ತಾಯಿ ಬರಿ ಎದೆಯ ಮೇಲೆ ಅದನ್ನು ಮಲಗಿಸಿಕೊಂಡು ಮೇಲಿಂದ ಬಟ್ಟೆ ಸುತ್ತಿಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ಅದಕ್ಕೆ ಕಾಂಗರೂ ಅನ್ನುತ್ತಾರಂತೆ. ಮೊದಲು ಕೇಳಿದಾಗ ನನಗೆ ನಗು ಬಂದಿತ್ತು. ವೀರೇಶ ಶಿವಮೊಗ್ಗದಿಂದಲೇ ಎಣ್ಣೆ ತುಂಬಿದ ಹೀಟರ್ ಒಂದನ್ನು ತಂದು ಕೋಣೆಯಲ್ಲಿಟ್ಟ. ಅದು ಬೆಂಕಿಯೂ ಕಾಣಿಸದೆ ಸದ್ದೂ ಮಾಡದೆ ಮೂಲೆಯಲ್ಲಿ ನಿಂತಿರುತ್ತಿತ್ತು. ಕಣ್ಣಿಗೆ ಕಾಣದ ಶಾಖವನ್ನು ನಾನು ಹೇಗೆ ನಂಬಲಿ?

ಮನೆಯ ವಿಷಯ ಇಲ್ಲೇ ಹೇಳಿಬಿಡಬೇಕು. ಹಳೆಯ ಹಂಚಿನ ಮನೆಯನ್ನು ಬಿಚ್ಚಿ ನಾಲ್ಕು ವರ್ಷದ ಹಿಂದೆ ವೀರೇಶ ಆರ್‌ಸಿಸಿ ಮನೆ ಕಟ್ಟಿಸಿದ್ದ. ಜಾರುವ ಗಾಜಿನ ಕಿಟಕಿ, ಒರೆಸಿದರೆ ಮುಖ ಕಾಣುವ ನೆಲ. ಹಿಂಬದಿಯ ಹಳೆಯ ಬಚ್ಚಲು ಮನೆಯನ್ನು ಮಾತ್ರ ನಾನು ಬೀಳಿಸಲು ಬಿಡಲಿಲ್ಲ. ಬಿಸಿನೀರೆಂದರೆ ಹಂಡೆಯ ನೀರು, ಗೀಸರಿನ ನೀರು ಮೈಮೇಲೆ ನಿಲ್ಲುವುದಿಲ್ಲ ಎಂದು ಹಟ ಹಿಡಿದಿದ್ದೆ. ಕೊನೆಗೆ ಬಚ್ಚಲನ್ನೂ ಅದಕ್ಕೆ ಅಂಟಿದ ಹಳೆಯ ಮಣ್ಣಿನ ಗೋಡೆಯನ್ನೂ ಹಾಗೇ ಉಳಿಸಿ, ಆ ಗೋಡೆಗೆ ಸೇರಿಸಿ ಹೊಸ ಮನೆಯ ಉಗ್ರಾಣ ಕಟ್ಟಿದರು. ಮೇಸ್ತ್ರಿ ನನ್ನನ್ನು ಎಷ್ಟು ಬೈದುಕೊಂಡನೋ ಶಿವನೇ ಬಲ್ಲ.

ನನ್ನ ಸೊಸೆ ರಶ್ಮಿ ನಮ್ಮೂರ ಅಂಗನವಾಡಿಯ ಟೀಚರು. ಊರಿನ ಬಸುರಿ ಬಾಣಂತಿಯರಿಗೆಲ್ಲ ಪಾಠ ಹೇಳುವವಳು. ಒಳ್ಳೆಯವಳು, ಕೆಲಸದಲ್ಲಿ ಚುರುಕು. ಆದರೆ ಮಾತು ಕತ್ತರಿಸಿದ ಹಾಗೆ. ಅವಳ ಬಾಣಂತನವನ್ನೂ ನಾನೇ ಮಾಡಿದ್ದು, ಯಾಕೆಂದರೆ ಅವಳಿಗೆ ತಾಯಿ ಇರಲಿಲ್ಲ. ನಲವತ್ತು ದಿನ ಕೆಂಡ ಹಾಕಿದ್ದೆ. ಇಪ್ಪತ್ತೈದು ವರ್ಷದಲ್ಲಿ ನಾವಿಬ್ಬರೂ ಜಗಳ ಆಡಿದ್ದುಂಟು, ಮಾತು ಬಿಟ್ಟಿದ್ದಿಲ್ಲ.

ಮನೆಗೆ ಬಂದ ಮೂರನೆಯ ರಾತ್ರಿ ಕೂಸಿನ ಕಾಲು ಮುಟ್ಟಿ ನೋಡಿದೆ. ತಣ್ಣಗಿದೆ ಅನ್ನಿಸಿತು. ನಿಜವಾಗಿ ತಣ್ಣಗಿತ್ತೋ, ಹೀಟರಿನ ಮೇಲಿನ ನನ್ನ ಸಿಟ್ಟಿಗೆ ಹಾಗೆ ಅನ್ನಿಸಿತೋ, ಈಗ ಹೇಳಲಾರೆ. ಹೊಗೆ ಬೇಡ ಎಂದು ತಾನೇ ಡಾಕ್ಟರು ಹೇಳಿದ್ದು? ಚೆನ್ನಾಗಿ ಉರಿದು ಕಳಿತ ಕೆಂಡಕ್ಕೆ ಹೊಗೆ ಎಲ್ಲಿಂದ ಬರಬೇಕು? ಬಚ್ಚಲ ಒಲೆಯಿಂದ ಹಳೆಯ ಬಾಣಲೆ ತುಂಬ ಕೆಂಡ ತೆಗೆದು, ಮೇಲೆ ಎರಡು ಬೆರಳು ಬೂದಿ ಹೊದಿಸಿ, ಎಲ್ಲರೂ ಮಲಗಿದ ಮೇಲೆ ದೀಕ್ಷಾಳ ಮಂಚದ ಕೆಳಗೆ ಇಟ್ಟೆ. ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿಯ ಸಂದಿಗೆ ನನ್ನ ಹಳೆಯ ಸೀರೆ ತುರುಕಿದೆ. ಹದಿನೇಳು ಸಲ ಮಾಡಿದ್ದನ್ನೇ ಮಾಡಿ, ನೆಮ್ಮದಿಯಾಗಿ ಹೋಗಿ ಹಾಲ್‌ನಲ್ಲಿ ಮಲಗಿಕೊಂಡೆ.

ಬೆಳಗಿನ ಜಾವ ರಶ್ಮಿ ಕೂಗಿದ ಕೂಗಿಗೆ ಎದ್ದೆ. ದೀಕ್ಷಾ ಮಂಚದಿಂದ ಇಳಿಯಲಾಗದೆ ವಾಂತಿ ಮಾಡಿಕೊಂಡು ಕೂತಿದ್ದಳು. ತಲೆ ಸಿಡಿಯುತ್ತದೆ, ಕಾಲಲ್ಲಿ ಬಲವಿಲ್ಲ ಅನ್ನುತ್ತಿದ್ದಳು. ಕೂಸು ಹಾಲಿಗೆ ಬಾಯಿ ಹಾಕುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ವೀರೇಶ ಲುಂಗಿಯಲ್ಲೇ ಕಾರು ತೆಗೆದ. ಆಸ್ಪತ್ರೆಯಲ್ಲಿ ತಾಯಿ ಮಗು ಇಬ್ಬರಿಗೂ ಆಮ್ಲಜನಕ ಕೊಟ್ಟರು. ಸರಿಯಾದ ಹೊತ್ತಿಗೆ ಬಂದಿರಿ, ಇನ್ನೊಂದು ಗಂಟೆ ಕಳೆದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರಂತೆ. ಎರಡು ದಿನದ ಮೇಲೆ ಇಬ್ಬರೂ ಚೆನ್ನಾಗಿ ಮನೆಗೆ ಬಂದರು.

ಏನಾಗಿತ್ತು ಎಂದು ವೀರೇಶ ನನಗೆ ಬಿಡಿಸಿ ಹೇಳಿದ. ಕೆಂಡಕ್ಕೆ ಹೊಗೆ ಇಲ್ಲದಿದ್ದರೂ ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಂಚಿನ ಮನೆಯಲ್ಲಿ ಅದು ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಈ ಮನೆಯಲ್ಲಿ ಹೋಗಲು ಜಾಗವೇ ಇಲ್ಲ. ನಾನು ಅಷ್ಟು ವರ್ಷ ನನ್ನ ಕೈಗುಣ ಎಂದುಕೊಂಡಿದ್ದರಲ್ಲಿ ಅರ್ಧ ಹಂಚಿನ ಗುಣವಾಗಿತ್ತು. ಇದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಎರಡು ಜೀವವನ್ನು ನಾನೇ ಕೈಯಾರೆ ಕಳೆಯುತ್ತಿದ್ದೆನಲ್ಲ.

ರಶ್ಮಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಆಸ್ಪತ್ರೆಯಿಂದ ಬಂದವಳು ಕೋಣೆಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಒಂದೇ ಮಾತು ಹೇಳಿದಳು.

"ಇನ್ಮೇಲೆ ಈ ಕೋಣೆ ಒಳಗೆ ನೀವು ಬರ್ಬೇಡಿ ಅತ್ತೆ."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಸೊಸೆಯ ಕಾಲ ಬಂತೆಂದು ನಾನು ತಿಳಿದೆ. ತಪ್ಪಾಯಿತು ಎಂದು ಹೇಳಬೇಕಿತ್ತು. ಅದು ಬಿಸಿ ತುಪ್ಪದ ಹಾಗೆ ಬಾಯಲ್ಲೇ ಉಳಿಯಿತು, ಉಗುಳಲೂ ಆಗಲಿಲ್ಲ ನುಂಗಲೂ ಆಗಲಿಲ್ಲ. ಒಂಬತ್ತು ದಿನ ಹಾಗೇ ಕಳೆಯಿತು. ರಶ್ಮಿ ಊಟಕ್ಕೆ ಕರೆಯುತ್ತಿದ್ದಳು, ಮಾತ್ರೆ ತಂದಿಡುತ್ತಿದ್ದಳು, ಅಷ್ಟೇ. ವೀರೇಶ ನಮ್ಮಿಬ್ಬರ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಾಗಿದ್ದ. ಕೂಸು ಅತ್ತಾಗ ನಾನು ಹಾಲ್‌ನಲ್ಲಿ ಕೂತು ಗೋಡೆ ನೋಡುತ್ತಿದ್ದೆ. ಅದು ಹಸಿವಿನ ಅಳುವೋ, ಒದ್ದೆಯ ಅಳುವೋ ಎಂದು ಕೇಳಿಯೇ ಹೇಳಬಲ್ಲೆ, ಆದರೆ ಯಾರೂ ಕೇಳಲಿಲ್ಲ. ಅದನ್ನು ಒಮ್ಮೆ ಎತ್ತಿಕೊಳ್ಳಬೇಕೆಂದು ಕೈ ತುರಿಸುತ್ತಿತ್ತು. ಇನ್ನು ಯಾವತ್ತಾದರೂ ಇವರು ಅದನ್ನು ನನ್ನ ಮಡಿಲಿಗೆ ನಂಬಿ ಕೊಡುತ್ತಾರೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ.

ಹತ್ತನೆಯ ದಿನ ಮಧ್ಯಾಹ್ನ ಊರಿಗೆ ಕರೆಂಟ್ ಕೊಡುವ ಟಿಸಿ ಸುಟ್ಟು ಹೋಯಿತು. ಲೈನ್‌ಮನ್ ಬಂದು ಕಂಬ ನೋಡಿ, ಬೇರೆ ಟಿಸಿ ನಾಳೆ ಬರುತ್ತದೆ ಎಂದು ಹೇಳಿ ಹೋದ. ನಾಳೆ ಎಂದರೆ ಯಾವ ನಾಳೆ ಎಂದು ನಮ್ಮ ಕಡೆಯವರು ಯಾರೂ ಕೇಳುವುದಿಲ್ಲ. ಇನ್ವರ್ಟರಿಗೆ ಹೀಟರ್ ಎಳೆಯುವ ಶಕ್ತಿ ಇಲ್ಲ. ಹೊತ್ತು ಮುಳುಗುವ ಮೊದಲೇ ಮಂಜು ಇಳಿಯಲು ಶುರುವಾಯಿತು. ಆರ್‌ಸಿಸಿ ಮನೆ ಬೇಸಿಗೆಯಲ್ಲಿ ಹೇಗೆ ಕಾಯುತ್ತದೋ ಚಳಿಯಲ್ಲಿ ಹಾಗೇ ಕೊರೆಯುತ್ತದೆ. ನೆಲಕ್ಕೆ ಕಾಲಿಟ್ಟರೆ ಹೊಳೆಗೆ ಇಟ್ಟ ಹಾಗೆ.

ವೀರೇಶ ಡಾಕ್ಟರಿಗೆ ಫೋನ್ ಮಾಡಿದ. ತಾಯಿ ಎದೆಯ ಮೇಲೇ ಇಟ್ಟುಕೊಳ್ಳಲಿ, ಕೋಣೆ ಹೇಗಾದರೂ ಬೆಚ್ಚಗಿರಲಿ, ಕೂಸಿನ ಪಾದ ತಣ್ಣಗಾದರೆ ತಕ್ಷಣ ಹೊರಟು ಬನ್ನಿ ಎಂದರು. ಕಾರನ್ನು ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿದ್ದಾಯಿತು. ಆದರೆ ಆ ಮಂಜಿನಲ್ಲಿ ಅಷ್ಟು ಸಣ್ಣ ಜೀವವನ್ನು ಹೊತ್ತುಕೊಂಡು ಹೋಗಲು ಯಾರಿಗೂ ಮನಸ್ಸಿರಲಿಲ್ಲ. ದೀಕ್ಷಾ ಎದೆಗೆ ಕೂಸನ್ನು ಕಟ್ಟಿಕೊಂಡು ಕಂಬಳಿ ಹೊದ್ದು ಕೂತಿದ್ದಳು. ರಶ್ಮಿ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ ಸುಮ್ಮನೆ ತಿರುಗುತ್ತಿದ್ದಳು.

ನಾನು ಬಾಗಿಲ ಹೊರಗೆ ನಿಂತೆ. ಮಾತಾಡಲೋ ಬೇಡವೋ ಎಂದು ಎರಡು ಸಲ ಹಿಂದೆ ಹೋಗಿ ಮತ್ತೆ ಬಂದೆ. ನನ್ನ ಬಾಯಿಂದ ಮತ್ತೆ ಬೆಂಕಿಯ ಮಾತು ಬಂದರೆ ಇವಳು ಏನನ್ನುತ್ತಾಳೋ ಎಂಬ ಹೆದರಿಕೆ. ಆದರೂ ಹೇಳಿದೆ. ಉಗ್ರಾಣದ ಹಿಂದಿನ ಗೋಡೆ ಬಚ್ಚಲ ಒಲೆಯ ಗೋಡೆ. ಒಲೆಯನ್ನು ಆ ಗೋಡೆಗೇ ಒತ್ತಿ ಕಟ್ಟಿದೆ. ಬೆಳಗ್ಗೆ ಸ್ನಾನಕ್ಕೆಂದು ಎರಡು ಗಂಟೆ ಉರಿ ಹಾಕಿದರೆ ಈಚೆ ಬದಿಯಲ್ಲಿಟ್ಟ ಬೆಲ್ಲ ಡಬ್ಬಿಯಲ್ಲೇ ಕರಗುತ್ತದೆ. ರಾತ್ರಿಯಿಡೀ ಹದವಾಗಿ ಕಾಯಿಸಿದರೆ ಗೋಡೆಯೇ ಬೆಚ್ಚಗಿರುತ್ತದೆ, ಕೋಣೆಗೆ ಒಂದು ಕಿಡಿಯೂ ಬರಬೇಕಾಗಿಲ್ಲ. ಬೆಂಕಿ ಆಚೆ, ಕೂಸು ಈಚೆ.

ಒಂಬತ್ತು ದಿನದ ಮೇಲೆ ಮೊದಲ ಸಲ ರಶ್ಮಿ ನನ್ನ ಮುಖ ನೋಡಿದಳು. ಹೊಗೆ ಎಲ್ಲಿ ಹೋಗುತ್ತದೆ ಎಂದು ಕೇಳಿದಳು. ಬಚ್ಚಲಿಗೆ ಹಂಚಿನ ಮಾಡು ಇದೆ, ಹೊಗೆ ಮೇಲೆ ಹೋಗುತ್ತದೆ ಎಂದೆ. ಗೋಡೆಯಲ್ಲಿ ಬಿರುಕಿಲ್ಲವೇ ಎಂದಳು. ಹೋದ ತಿಂಗಳು ನಾನೇ ಸಗಣಿ ಮಣ್ಣು ಸಾರಿಸಿದ್ದೇನೆ, ಬೇಕಾದರೆ ಟಾರ್ಚ್ ಹಿಡಿದು ನೋಡು ಎಂದೆ. ಅವಳು ನಿಜಕ್ಕೂ ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿ ಬಂದಳು. ಆಮೇಲೂ ಟಾರ್ಚ್ ಆರಿಸದೆ ಬಾಗಿಲಲ್ಲೇ ನಿಂತಳು. ಕೊನೆಗೆ ದೀಕ್ಷಾ ಕಂಬಳಿಯೊಳಗಿಂದಲೇ ಹೇಳಿದಳು.

"ಅಜ್ಜಿ ಹೇಳ್ದಂಗೆ ಮಾಡನ. ಇಲ್ಲಿ ನಂಗೇ ಚಳಿ ತಡೆಯಕ್ಕೆ ಆಗ್ತಾ ಇಲ್ಲ, ಇದಕ್ಕೆ ಹೆಂಗಾಗ್ಬೇಕು?"

ಅಷ್ಟು ಸಾಕಾಯಿತು. ವೀರೇಶ ಉಗ್ರಾಣದ ಡಬ್ಬಿ ಚೀಲಗಳನ್ನೆಲ್ಲ ಹೊರಗೆ ಹಾಕಿದ, ಗುಡಿಸಿದ, ಮಂಚವನ್ನು ಆ ಗೋಡೆಗೆ ತಾಗಿಸಿ ಹಾಕಿದ. ಎದುರು ಬದಿಯ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡು ಎಂದು ನಾನೇ ಹೇಳಿದೆ. ಗಾಳಿ ಸೋಕಬಾರದು ಎಂದು ಸೀರೆ ತುರುಕಿದ ಬಾಯಿಂದ ಈ ಮಾತು ಬಂದದ್ದಕ್ಕೆ ವೀರೇಶನಿಗೆ ನಗು ಬಂತೇನೋ, ಪುಣ್ಯಕ್ಕೆ ನಗಲಿಲ್ಲ. ನಾನು ಬಚ್ಚಲಿಗೆ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಮಣ್ಣಿನ ಗೋಡೆ ಸೋಮಾರಿ. ಬೇಗ ಏಳುವುದಿಲ್ಲ, ಎದ್ದ ಮೇಲೆ ಬೇಗ ಮಲಗುವುದೂ ಇಲ್ಲ. ಮೊದಲ ಎರಡು ಗಂಟೆ ತೋಟದ ಸಿಲ್ವರ್ ಓಕ್ ಮರದ ಸೀಳು ಹಾಕಿ ಜೋರಾಗಿ ಉರಿಸಿದೆ. ಅದು ಭರಭರ ಉರಿದು ಮುಗಿಯುವ ಸೌದೆ, ಗೋಡೆ ಎಬ್ಬಿಸಲು ಸರಿ, ರಾತ್ರಿ ಕಾಯಲು ಅಲ್ಲ. ಗೋಡೆ ಎದ್ದ ಮೇಲೆ ಹಳೆಯ ಕಾಫಿ ಗಿಡದ ಬೊಡ್ಡೆಗಳನ್ನು ಒಲೆಯ ಹಿಂಬದಿಗೆ, ಗೋಡೆಗೆ ಒತ್ತಿ ಕೂರಿಸಿದೆ. ಕಾಫಿ ಬೊಡ್ಡೆ ಗಟ್ಟಿ, ಉರಿ ಕಾಣಿಸದೆ ಒಳಗೊಳಗೇ ಗಂಟೆಗಟ್ಟಲೆ ಕಾಯುತ್ತದೆ. ಅದರ ಮುಂದೆ ಒಣಗಿದ ಅಡಿಕೆ ಸಿಪ್ಪೆ ಒತ್ತಿ ತುಂಬಿದೆ, ಮೇಲೆ ಬೂದಿ. ಹಂಡೆಯಲ್ಲಿ ನೀರು ಬತ್ತಬಾರದು, ಬತ್ತಿದರೆ ಹಂಡೆ ಸುಡುತ್ತದೆ. ಅದಕ್ಕೆ ಆಗಾಗ ಎರಡು ಕೊಡ ನೀರು.

ಗೋಡೆಯ ಆಚೆ ಎಷ್ಟು ಶಾಖ ಇದೆ ಎಂದು ನನಗೆ ಈಚೆ ಕೂತು ಗೊತ್ತಾಗುವುದಿಲ್ಲವಲ್ಲ. ಒಂದು ಸಲ ತಟ್ಟಿದರೆ ಸಾಕು, ಎರಡು ಸಲ ತಟ್ಟಿದರೆ ಇನ್ನಷ್ಟು ಬೇಕು ಎಂದು ವೀರೇಶನ ಬಾಯಲ್ಲಿ ಹೇಳಿ ಕಳಿಸಿದೆ. ಹತ್ತು ಗಂಟೆಯ ಹೊತ್ತಿಗೆ ಆಚೆಯಿಂದ ಒಂದು ಸಲ ಟಪ್ ಎಂದಿತು. ತಟ್ಟಿದ್ದು ರಶ್ಮಿ ಎಂದು ಗೊತ್ತಾಯಿತು. ಅವಳು ಬಾಗಿಲು ತಟ್ಟುವುದೂ ಹಾಗೇ, ಒಂದೇ ಏಟು, ಗಟ್ಟಿಯಾಗಿ. ಒಂಬತ್ತು ದಿನದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಒಳ್ಳೆಯ ಮಾತು ಅದು ಅನ್ನಿಸಿತು. ನನಗೆ ಕಣ್ಣಲ್ಲಿ ನೀರು ಬಂತು. ಹೊಗೆಗೂ ಬಂದಿರಬಹುದು.

ಹನ್ನೊಂದಕ್ಕೆ ಒಂದು. ಹನ್ನೆರಡೂವರೆಗೆ ಎರಡು, ಸಿಪ್ಪೆ ಕೆದಕಿ ಒಂದು ಬೊಡ್ಡೆ ಮುಂದೆ ತಳ್ಳಿದೆ. ಮತ್ತೆ ಒಂದು. ವೀರೇಶ ಕಾರಿನ ಬೀಗದ ಕೈ ಹಿಡಿದುಕೊಂಡೇ ಹಾಲ್‌ನಲ್ಲಿ ಗೊರಕೆ ಹೊಡೆಯುತ್ತಿದ್ದ. ನಾನು ಕೂತ ಮಣೆಯ ಮೇಲೆ ಮೊಣಕಾಲು ಹಿಡಿದುಕೊಂಡು, ಮುಖ ಬೇಯುತ್ತ ಬೆನ್ನು ನಡುಗುತ್ತ ಇದ್ದೆ. ಆದರೂ ಆ ಹೊತ್ತು ನನಗೆ ಸುಖವಾಗಿತ್ತು. ಅಲ್ಲಿ ಆಚೆ ಎರಡು ಅಂಗುಲದ ಪಾದ ಬೆಚ್ಚಗಿದೆ, ಅದು ನನ್ನ ಕೈಯಿಂದ ಎಂಬ ಸುಖ.

ಮೂರು ಗಂಟೆಯ ಸುಮಾರಿಗೆ ತಟ್ಟುವ ಸದ್ದಿನ ಬದಲು ಬಚ್ಚಲ ಬಾಗಿಲು ಕಿರುಗುಟ್ಟಿತು. ರಶ್ಮಿ ನಿಂತಿದ್ದಳು, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು. ಕೂಸಿಗೆ ಎಂತ ಆಯ್ತು ಎಂದು ಮಣೆಯಿಂದ ಎದ್ದೆ.

ಕೂಸು ಚೆನ್ನಾಗಿದೆ ಎಂದಳು. ಆದರೆ ದೀಕ್ಷಾ ಸಂಜೆಯಿಂದ ಅದನ್ನು ಎದೆಯ ಮೇಲೆ ಇಟ್ಟುಕೊಂಡು ಒರಗಿ ಕೂತಿದ್ದಾಳೆ. ಹೊಲಿಗೆ ನೋವು, ಬೆನ್ನು ನೋವು. ಈಗ ಕೂತಲ್ಲೇ ತೂಕಡಿಸುತ್ತಿದ್ದಾಳೆ, ನಿದ್ದೆಯಲ್ಲಿ ಕೈ ಜಾರಿದರೆ ಕೂಸಿನ ಗತಿ ಏನು? ತಾನೇ ಎತ್ತಿಕೊಳ್ಳೋಣವೆಂದರೆ ತನಗೆ ಮೊನ್ನೆಯಿಂದ ಶೀತ, ಕೂಸಿನ ಹತ್ತಿರ ಉಸಿರು ಬಿಡಲೂ ಹೆದರಿಕೆ. ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಒಲೆಯ ಪಕ್ಕಕ್ಕೆ ಬಂದು ನಿಂತಳು. ಆಮೇಲೆ ಹೇಳಿದಳು.

"ಕೂಸನ್ನ ನೀವು ಇಟ್ಕಳಿ ಅತ್ತೆ. ಒಲೆ ನಾನು ನೋಡ್ಕಳ್ತೀನಿ."

ನಾನು ಒಲೆಯ ಬಗ್ಗೆ ಹೇಳಿದೆ. ಉರಿ ಎಬ್ಬಿಸಬೇಡ, ಸಿಪ್ಪೆ ಇಳಿದ ಹಾಗೆ ಒತ್ತುತ್ತಾ ಬಾ, ಬೊಡ್ಡೆಯನ್ನು ಎಳೆಯಬೇಡ, ಕೆದಕಿದಷ್ಟೂ ಬೆಂಕಿ ಬೇಗ ಸಾಯುತ್ತದೆ ಎಂದೆ. ಹಂಡೆಯ ಬಿಸಿನೀರಿನಲ್ಲಿ ಅಲ್ಲೇ ಸ್ನಾನ ಮಾಡಿದೆ, ಹೊಗೆ ವಾಸನೆ ಹೋಗುವವರೆಗೆ ಉಜ್ಜಿದೆ. ಒಗೆದ ಸೀರೆ ಉಟ್ಟೆ. ಆ ಕೋಣೆಯ ಹೊಸ್ತಿಲು ದಾಟುವಾಗ ನನ್ನ ಕಾಲು ಒಂದು ಕ್ಷಣ ನಿಂತಿತು. ದೀಕ್ಷಾ ಅರ್ಧ ಕಣ್ಣು ತೆರೆದು, ಬಾ ಅಜ್ಜಿ, ಎಂದು ಕೂಸನ್ನು ನನಗೆ ಒಪ್ಪಿಸಿ ಅಲ್ಲೇ ಪಕ್ಕಕ್ಕೆ ಉರುಳಿ ನಿದ್ದೆ ಹೋದಳು.

ಅದನ್ನು ಎದೆಗೆ ಒರಗಿಸಿಕೊಂಡು ಬೆನ್ನನ್ನು ಆ ಗೋಡೆಗೆ ಕೊಟ್ಟು ಕೂತೆ. ಎರಡು ಸೇರು ಅಕ್ಕಿಯ ಭಾರವೂ ಇರಲಿಲ್ಲವೇನೋ. ಕುತ್ತಿಗೆಯಲ್ಲಿ ಹುಟ್ಟಿದಾಗ ಕಟ್ಟಿದ ಪುಟ್ಟ ಲಿಂಗದ ದಾರ, ತಲೆಗೆ ಟೋಪಿ. ಮೂಗು ನನ್ನ ಎಲುಬಿಗೆ ತಾಗಿಸಿ ಉಸಿರಾಡುತ್ತಿತ್ತು. ಕಾಂಗರೂ ಎಂದು ನಕ್ಕದ್ದಕ್ಕೆ ಆ ಡಾಕ್ಟರ ಹತ್ತಿರ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಅರವತ್ತೊಂಬತ್ತು ವರ್ಷದ ಒಣಗಿದ ಎದೆಯಲ್ಲೂ ಒಂದು ಕೂಸಿಗೆ ಸಾಕಾಗುವಷ್ಟು ಬಿಸಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

ಇನ್ನು ನನ್ನ ಸೊಸೆಯ ಒಲೆಯ ವಿಷಯ. ಅಂಥ ಸೋಮಾರಿ ಗೋಡೆಯ ಬಿಸಿಯೂ ಅರ್ಧ ಗಂಟೆಗೆಲ್ಲ ಇಳಿಯತೊಡಗಿತು. ಕೆದಕಿದ್ದಾಳೆ ಎಂದುಕೊಂಡೆ. ಎರಡು ಸಲ ತಟ್ಟಿದೆ. ಸ್ವಲ್ಪ ಹೊತ್ತಿಗೆ ಬೆನ್ನು ಸುಡುವಷ್ಟು ಏರಿತು. ಸಿಲ್ವರ್ ಸೀಳು ಹಾಕಿದ್ದಾಳೆ, ಪುಣ್ಯಾತ್ಗಿತ್ತಿ! ಒಂದು ಸಲ ತಟ್ಟಿದೆ, ಅವಳು ಕೇಳಿಸಿಕೊಂಡಳೋ ಇಲ್ಲವೋ ಎಂದು ಮತ್ತೊಮ್ಮೆ ತಟ್ಟಿದೆ, ಅವಳು ಅದನ್ನು ಎರಡೆಂದು ತಿಳಿದು ಇನ್ನೂ ಹಾಕಿದಳು. ಮಂಚದಲ್ಲಿ ಒಂದು ಗೇಣು ಸರಿದು ಕೂತು ನಾನೊಬ್ಬಳೇ ನಕ್ಕೆ. ಅಂಗನವಾಡಿಯಲ್ಲಿ ಐವತ್ತು ಮಕ್ಕಳನ್ನು ಕೂರಿಸುವವಳಿಗೆ ಒಂದು ಒಲೆ ಕೂರಿಸಲು ಬರುತ್ತಿಲ್ಲ. ಆದರೆ ಅವಳು ಬಿಡುವವಳಲ್ಲ. ನಾಲ್ಕೂವರೆಯ ಹೊತ್ತಿಗೆ ಗೋಡೆ ಒಂದೇ ಹದಕ್ಕೆ ಬಂದು ನಿಂತಿತು. ಬೆಳಗಾಗುವವರೆಗೆ ಏರಲಿಲ್ಲ, ಇಳಿಯಲಿಲ್ಲ. ಆ ಬಿಸಿಯನ್ನು ಬೆನ್ನಿಗೆ ತೆಗೆದುಕೊಂಡು, ಎದೆಯ ಬಿಸಿಯನ್ನು ಕೂಸಿಗೆ ಕೊಟ್ಟು ಕೂತಿದ್ದೆ. ಇವಳ ಮೇಲೆ ನನಗೆ ಇದ್ದ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ.

ಕಿಟಕಿಯ ನಾಲ್ಕು ಬೆರಳು ಸಂದಿ ಬೆಳ್ಳಗಾದಾಗ ದೀಕ್ಷಾ ಎದ್ದು ಹಾಲೂಡಿಸಲು ಕೂಸನ್ನು ತೆಗೆದುಕೊಂಡಳು. ಪಾದ ಮುಟ್ಟಿ ನೋಡಿ ನನ್ನ ಕಡೆ ನಕ್ಕಳು. ನಾನು ಬಚ್ಚಲಿಗೆ ಹೋದೆ. ರಶ್ಮಿ ಮಣೆಯ ಮೇಲೆ ಕೂತಿದ್ದಳು. ಮಾಸ್ಕ್ ಕಿತ್ತು ಹಾಕಿದ್ದಳು. ಹಣೆಯಿಂದ ಕೆನ್ನೆಯವರೆಗೆ ಮಸಿ. ಕೂಸು ಬೆಚ್ಚಗಿದೆ ಎಂದು ಹೇಳಿ, ಸಾಕು ಏಳು, ಎಂದೆ. ಅವಳು ಏಳಲಿಲ್ಲ. ಒಲೆಯನ್ನೇ ನೋಡುತ್ತ ಮಾತಾಡಿದಳು.

"ಅತ್ತೆ, ಆವತ್ತು ನೀವು ಬಾಣಲೆ ತಗಂಡು ಹೋಗಿದ್ದು ನಾನು ನೋಡಿದ್ದೆ."

ನನಗೆ ಅರ್ಥವಾಗಲಿಲ್ಲ.

"ನೋಡಿ ಸುಮ್ನಿದ್ದೆ. ಕೂಸು ಬೆಚ್ಚಗಿರುತ್ತೆ ಅಂತ ನಂಗೂ ಸಮಾಧಾನ ಆತು. ನೀವು ಮಲಗಿದ ಮೇಲೆ ಬಾಗಿಲಡಿ ಸಂದಿಗೆ ಟವೆಲ್ ತುರುಕಿದ್ದು ನಾನೇ. ಬೆಳಗ್ಗೆ ಬಾಗಿಲು ತೆಗೆಯಕ್ಕೆ ಮುಂಚೆ ಅದನ್ನ ನಾನೇ ಎಳೆದು ಹಾಕ್ದೆ." ಅಷ್ಟು ಹೇಳಿ ಮೂಗು ಒರೆಸಿಕೊಂಡಳು, ಮಸಿ ಇನ್ನೂ ಹರಡಿತು. "ಊರಿಗೆಲ್ಲ ಪಾಠ ಹೇಳೋಳು ನಾನು. ಡಾಕ್ಟರು ಯಾರು ಇಟ್ಟಿದ್ದು ಅಂತ ಕೇಳಿದಾಗ ಬಾಯಿಗೆ ನಿಮ್ಮ ಹೆಸರು ಬಂತು. ಆಮೇಲೆ ನಿಮ್ಮ ಮುಖ ನೋಡಕ್ಕೆ ಆಗ್ಲಿಲ್ಲ."

ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಒಂಬತ್ತು ದಿನ ನನ್ನೊಬ್ಬಳನ್ನೇ ಬೇಯಿಸಿದೆಯಲ್ಲೇ ಮಾರಾಯ್ತಿ ಎಂದು ಬಾಯಿಯವರೆಗೆ ಬಂತು. ಆದರೆ ಅವಳು ಇನ್ನೂ ಸಿಪ್ಪೆ ಒತ್ತುತ್ತಲೇ ಇದ್ದಳು. ಆ ರಾತ್ರಿ ಹೊರಗಿನಿಂದ ಟವೆಲ್ ತುರುಕುತ್ತ ಬಗ್ಗಿ ಕೂತ ಇವಳು ಕಣ್ಣಿಗೆ ಬಂದಳು. ತಾಯಿಯಿಲ್ಲದೆ ಬಂದು ನನ್ನ ಕೆಂಡದ ಕೋಣೆಯಲ್ಲಿ ನಲವತ್ತು ದಿನ ಮಲಗಿದ್ದ ಹುಡುಗಿ. ಬಾಣಂತಿ ಕೋಣೆ ಬೆಚ್ಚಗಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಇವಳಿಗೆ ಕಲಿಸಿದವಳು ಯಾರು? ನಾನೇ. ಪುಸ್ತಕದ ಪಾಠಕ್ಕಿಂತ ನನ್ನ ಪಾಠವನ್ನು ನಂಬಿದ್ದೇ ಇವಳ ತಪ್ಪು.

"ಬೇರೆ ಯಾರಿಗಾದ್ರೂ ಹೇಳಿದ್ದೀಯಾ?" ಎಂದೆ. ಇಲ್ಲವೆಂದು ತಲೆ ಅಲ್ಲಾಡಿಸಿದಳು. ಇವತ್ತು ಗಂಡನಿಗೂ ದೀಕ್ಷಾಗೂ ಹೇಳುತ್ತೇನೆ ಎಂದಳು.

"ಎಂತಕ್ಕೆ? ಬೈಸಿಕೊಂಡಿದ್ದು ಹೆಂಗೂ ಆಗಿದೆ. ಒಬ್ಬರು ಸಾಕು."

ತಂಬಿಗೆಯಲ್ಲಿ ಬಿಸಿನೀರು ತೋಡಿ ಅವಳ ಮುಖಕ್ಕೆ ನಾನೇ ಹಾಕಿದೆ. ಮಸಿ ಹೋಗಲು ಮೂರು ತಂಬಿಗೆ ಬೇಕಾಯಿತು.

ಎಂಟು ಗಂಟೆಗೆ ಆಶಾ ಕಾರ್ಯಕರ್ತೆ ನಿಶ್ಚಿತಾ ಥರ್ಮಾಮೀಟರ್ ಹಿಡಿದು ಬಂದಳು. ಕೂಸಿನ ಮೈಬಿಸಿ ನೋಡಿ, ಕರೆಕ್ಟಾಗಿದೆ, ಕರೆಂಟಿಲ್ಲದೆ ಹೇಗೆ ಇಟ್ಟಿರಿ ಎಂದು ಕೇಳಿದಳು. ದೀಕ್ಷಾ ಗೋಡೆ ತೋರಿಸಿದಳು. ಹೊಸ ಟಿಸಿ ಬಂದದ್ದು ಮರುದಿನ ಸಂಜೆಗೆ. ಅಲ್ಲಿಯವರೆಗೆ ನಾನೂ ರಶ್ಮಿಯೂ ಸರದಿಯ ಮೇಲೆ ಒಲೆ ಕಾಯ್ದೆವು. ಕರೆಂಟ್ ಬಂದ ಮೇಲೆ ಕೂಸು ಹೀಟರಿನ ಕೋಣೆಗೆ ವಾಪಸಾಯಿತು. ನನಗೇನೂ ಬೇಸರವಾಗಲಿಲ್ಲ. ಕೂಸು ಬೆಚ್ಚಗಿದ್ದರೆ ಆಯಿತು, ಒಲೆಯಾದರೇನು ಹೀಟರಾದರೇನು. ಹೊಸ್ತಿಲು ದಾಟಲು ನನ್ನನ್ನು ಯಾರೂ ತಡೆಯಲಿಲ್ಲ.

ಎರಡು ತಿಂಗಳಿಗೆ ಕೂಸು ಮೂರು ಕೆಜಿ ದಾಟಿತು. ತೊಟ್ಟಿಲಿಗೆ ಹಾಕುವ ಶಾಸ್ತ್ರ ಇಟ್ಟುಕೊಂಡೆವು. ಬಾಳೆಹೊನ್ನೂರಿನಿಂದ ಸಿದ್ದಾರ್ಥನ ತಾಯಿ ಯಮುನಮ್ಮ ತಮ್ಮ ಕಡೆಯ ಹದಿನೈದು ಹೆಂಗಸರ ಜೊತೆ ಬಂದರು. ನಮ್ಮೂರವರೂ ಸೇರಿ ಮನೆ ತುಂಬಿತ್ತು. ನಾನು ತೊಟ್ಟಿಲ ಹತ್ತಿರ ಹೋದಾಗ ಯಮುನಮ್ಮ ನಕ್ಕೊಂಡೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಅಜ್ಜೀನ ಸ್ವಲ್ಪ ದೂರ ಇಡ್ರಮ್ಮ. ಕೂಸಿನ ಕೋಣೆಗೆ ಕೆಂಡ ಇಟ್ಟೋರು ಇವ್ರೇ ಅಲ್ವಾ?"

ಕೆಲವರು ನಕ್ಕರು, ಕೆಲವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ರಶ್ಮಿಯ ಮುಖ ಬಿಳಿಚಿಕೊಂಡಿತು. ಕೈಲಿದ್ದ ಅರಿಶಿನ ಕುಂಕುಮದ ತಟ್ಟೆಯನ್ನು ಕೆಳಗಿಟ್ಟು, ಅತ್ತೆಯೊಬ್ಬರೇ ಅಲ್ಲ, ಎಂದು ಶುರು ಮಾಡಿದಳು. ನಾನು ನಡುವೆ ಬಾಯಿ ಹಾಕಿದೆ.

"ಹೌದು ಯಮುನಮ್ಮ. ಇಟ್ಟೋಳು ನಾನೇ, ತಪ್ಪು ನಂದೇ. ತಪ್ಪಾಯ್ತು."

ನನ್ನ ಬಾಯಿಂದ ಅದು ಅಷ್ಟು ಸಲೀಸಾಗಿ ಬರುತ್ತದೆಂದು ನಾನೂ ಎಣಿಸಿರಲಿಲ್ಲ. ನನ್ನ ಪಾಲಿಗೆಂದು ಹೇಳಲು ಒಂಬತ್ತು ದಿನ ಆಗದ ಮಾತು ಅವಳ ಪಾಲನ್ನೂ ಸೇರಿಸಿ ಹೇಳುವಾಗ ಒಂದು ಕ್ಷಣವೂ ತಡೆಯಲಿಲ್ಲ. ರಶ್ಮಿ ನನ್ನನ್ನೇ ನೋಡುತ್ತಿದ್ದಳು. ಸುಮ್ಮನಿರು ಎಂದು ಕಣ್ಣಲ್ಲೇ ಗದರಿಸಿದೆ.

ಅವಳು ಸುಮ್ಮನಿದ್ದಳು. ಆದರೆ ದೀಕ್ಷಾಳ ಕೈಯಿಂದ ಕೂಸನ್ನು ಎತ್ತಿಕೊಂಡು, ಕೈ ಚಾಚಿ ನಿಂತಿದ್ದ ಬೀಗತಿಯನ್ನು ದಾಟಿ ಬಂದು, ಅಷ್ಟೂ ಜನರ ಮುಂದೆ ನನ್ನ ಮಡಿಲಿಗೆ ಹಾಕಿದಳು.

"ಮೊದಲು ಇವ್ರು ತೂಗ್ಲಿ," ಎಂದಳು.